ವಿಜಾಪುರ ಸೀಮೆಯ ಹಾಸ್ಯನಟ ರಾಜು ತಾಳಿಕೋಟೆಯವರು

ಕನ್ನಡ ರಂಗಭೂಮಿಯ ಚರಿತ್ರೆಯನ್ನು ಬರೆದವರು ಸಂಗೀತಪಟುಗಳಾದ ನಟರನ್ನೂ, ವೀರ ಕರುಣ ಪಾತ್ರಗಳಲ್ಲಿ ಹೆಸರಾದವರನ್ನೂ, ನಾಟಕಗಳನ್ನು ರಚಿಸಿದ ಕವಿಗಳನ್ನೂ ಕುರಿತು ವಿಸ್ತಾರವಾಗಿ ಬರೆದಿರುವರು. ಹಾಸ್ಯಗಾರನ ಸರದಿ ಬಂದೊಡನೆ ಲೇಖನಿ ಕುಂಟುತ್ತದೆ. ಇಂಥವರು ಹಾಸ್ಯದ ಪಾತ್ರವನ್ನು ವಹಿಸಿ ಪ್ರೇಕ್ಷಕರನ್ನು ನಗಿಸುತ್ತಿದ್ದರು ಎಂದು ಒಂದು ವಾಕ್ಯ, ಬಹಳವಾದರೆ ಎರಡು. ಗುಬ್ಬಿ ವೀರಣ್ಣನವರು ಇದಕ್ಕೆ ಅಪವಾದವೆಂದು ಯಾರಾದರೂ ಹೇಳಬಹುದು. ‘ಸದಾರಮೆ’ಯ ಕಳ್ಳನ ಪಾತ್ರದಿಂದ ಅವರು ಗಳಿಸಿದ ಕೀರ್ತಿ ಎಲ್ಲರಿಗೂ ತಿಳಿದದ್ದೇ. ಆದರೆ ಚರಿತ್ರೆಯಲ್ಲಿ ಅವರಿಗೆ ದೊರೆತ ಪುಟಗಳು ಬಹುಮಟ್ಟಿಗೆ ದೊಡ್ಡ ಕಂಪನಿಯ ಒಡೆಯರೆಂದು ದೊರೆತವೇ ಹೊರತು ಹಾಸ್ಯನಟರೆಂದು ದೊರೆತವಲ್ಲ.

ಈ ಉಪೇಕ್ಷೆಗೆಲ್ಲ ಅನಾದರವೇ ಕಾರಣವೆನ್ನುವುದು ನ್ಯಾಯವಾಗಲಾರದು. ಹಾಸ್ಯಗಾರನ ಮಾತು ಪುಸ್ತಕದಲ್ಲಿ ಸಿಕ್ಕುವುದಿಲ್ಲ. ಕಂಪನಿ ನಾಟಕದ ಅಚ್ಚಾದ ಪ್ರತಿಯನ್ನು ತೆರೆದು ನೋಡಿದರೆ ನಾಯಕ ನಾಯಿಕೆಯರ ಸಂಭಾಷಣೆಯೂ ಪದ್ಯಗಳೂ ತುಂಬಿರುತ್ತವೆ. ಹಾಸ್ಯದ ಪ್ರವೇಶಕ್ಕೆ ಬಂದರೆ ನಾಲ್ಕಾರು ಮಾತಿನ ಒಂದು ಎಲುಬುಗೂಡು ಮಾತ್ರ ಕಾಣುತ್ತದೆ. ರಂಗದ ಮೇಲೆ ಆ ನಾಲ್ಕು ಮಾತು ಅರ್ಧ ಗಂಟೆಯಾಗುತ್ತಿತ್ತು. ಊರಿಂದ ಊರಿಗೆ, ರಾತ್ರಿಯಿಂದ ರಾತ್ರಿಗೆ ಬೇರೆಯಾಗುತ್ತಿತ್ತು. 1959ರಲ್ಲಿ ರಂಗಕ್ಕೆ ಬಂದ ‘ಲಂಚಾವತಾರ’ವನ್ನು ಮಾಸ್ಟರ್ ಹಿರಣ್ಣಯ್ಯನವರು ದಶಕಗಳ ಕಾಲ ಆಡಿದರು. ಆ ದಿನದ ಪತ್ರಿಕೆಯಲ್ಲಿ ಬಂದ ಸುದ್ದಿ ಆ ರಾತ್ರಿ ಅವರ ಮಾತಿನಲ್ಲಿ ಸೇರುತ್ತಿತ್ತೆಂಬುದನ್ನು ನೋಡಿದವರು ಬಲ್ಲರು. ಇಂತಹ ಕಲೆಗೆ ಮೂಲಪ್ರತಿ ಯಾವುದೆಂದು ಸಂಶೋಧಕನು ನಿರ್ಣಯಿಸುವ ಬಗೆ ಹೇಗೆ?

ಈ ಪ್ರಶ್ನೆಗೆ ವಿಜಾಪುರ ಜಿಲ್ಲೆಯ ಒಬ್ಬ ನಟರ ಜೀವನದಿಂದ ಸ್ವಲ್ಪ ಬೆಳಕು ದೊರೆಯುವಂತಿದೆ. ಅವರು 2025ನೆಯ ಇಸವಿಯಲ್ಲಿ ತೀರಿಕೊಂಡ ರಾಜು ತಾಳಿಕೋಟೆಯವರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳು ಉತ್ತರದಲ್ಲಿ ಭೀಮೆಗೂ ದಕ್ಷಿಣದಲ್ಲಿ ಕೃಷ್ಣೆಗೂ ನಡುವೆ ಹಬ್ಬಿರುವ ಕರಿಯ ನೆಲ. ನಡುವೆ ಹರಿಯುವ ಡೋಣಿ ಹೊಳೆಯ ದಂಡೆಯ ಜೋಳಕ್ಕೆ ಹೆಸರಿರುವಂತೆ ಈ ಸೀಮೆಯ ಬರಕ್ಕೂ ಹೆಸರಿದೆ. ಮಳೆ ಕೈಕೊಟ್ಟ ವರ್ಷ ಸೊಲ್ಲಾಪುರ, ಮುಂಬಯಿ, ಗೋವೆಗಳ ಕಡೆಗೆ ಗುಳೆ ಹೋಗುವುದು ಇಲ್ಲಿನವರಿಗೆ ಹೊಸತಲ್ಲ. 1884ರ ಸುಮಾರಿಗೆ ಹೊಟಗಿ ಗದಗಗಳ ನಡುವೆ ರೈಲುದಾರಿಯಾದಾಗ ಇಂಡಿಗೂ ಬಾಗೇವಾಡಿಗೂ ‘ರೋಡ್’ ಎಂಬ ಹೆಸರಿನ ನಿಲ್ದಾಣಗಳು ಊರಿಂದ ದೂರದಲ್ಲಿ ಎದ್ದುವು. ಸಿಂದಗಿ ಮುದ್ದೇಬಿಹಾಳಗಳತ್ತ ರೈಲು ತಿರುಗಲೇ ಇಲ್ಲ. ಆದ್ದರಿಂದ ಈ ಊರುಗಳಿಗೆ ನಾಟಕವು ಎತ್ತಿನ ಬಂಡಿಯ ಮೇಲೂ ಮುಂದೆ ಲಾರಿಯ ಮೇಲೂ ಬಂದಿತು.

ಕಂಪನಿಗಳು ಬರುವುದಕ್ಕೆ ಮುಂಚೆಯೂ ಇಲ್ಲಿ ನಗುವಿಗೆ ಕೊರತೆಯಿರಲಿಲ್ಲ. ಬಯಲಾಟದಲ್ಲಿ ಸಾರಥಿಯೆಂಬವನೊಬ್ಬನಿರುವನು. ಕಿರೀಟ ಭುಜಕೀರ್ತಿಗಳನ್ನು ತೊಟ್ಟು ರಂಗವನ್ನು ಅದುರಿಸುತ್ತ ಬಂದ ರಾಜನನ್ನು ತಡೆದು, ನೀನು ಯಾರು, ಯಾವೂರವನು, ಇಲ್ಲಿಗೇಕೆ ಬಂದೆ ಎಂದು ಕೇಳುವವನು ಅವನೇ. ರಾಜನು ಗ್ರಾಂಥಿಕ ಭಾಷೆಯಲ್ಲಿ ಗರ್ಜಿಸುತ್ತಾನೆ. ಸಾರಥಿಯು ಅಗಸೆಯ ಕಟ್ಟೆಯ ಮೇಲೆ ಕುಳಿತವರ ಮಾತಿನಲ್ಲಿ ಅದನ್ನು ಬಿಡಿಸಿ ಹೇಳುತ್ತಾನೆ. ‘ಶ್ರೀಕೃಷ್ಣಪಾರಿಜಾತ’ದಲ್ಲಿ ಭಾಗವತನಿಗೂ ದೂತಿಗೂ ನಡೆಯುವ ಸರಸದ ಮಾತುಕತೆ ಇದೇ ಜಾತಿಗೆ ಸೇರಿದುದು. ಸಂಸ್ಕೃತ ನಾಟಕಗಳನ್ನು ಪಾಠ ಹೇಳುವವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ದುಷ್ಯಂತನು ಸಂಸ್ಕೃತವನ್ನಾಡುತ್ತಿರಲು ಅವನ ಮಗ್ಗುಲಲ್ಲೇ ನಿಂತ ಮಾಢವ್ಯನು ಬ್ರಾಹ್ಮಣನಾದರೂ ಪ್ರಾಕೃತವನ್ನೇ ಆಡುವನು. ನಾಟ್ಯಶಾಸ್ತ್ರವು ವಿದೂಷಕನಿಗೆ ಪ್ರಾಚ್ಯೆಯನ್ನು ವಿಧಿಸಿದೆ. ನಗಿಸುವವನು ಜನರ ನುಡಿಯಲ್ಲಿ ಮಾತನಾಡಬೇಕೆಂಬ ನಿಯಮವು ಅಷ್ಟು ಹಳೆಯದು.

1870ರ ದಶಕದಲ್ಲಿ ಶಾಂತಕವಿಗಳು ಗದಗಿನಲ್ಲಿ ಕೃತಪುರ ನಾಟಕಮಂಡಲಿಯನ್ನು ಕಟ್ಟಿ ಮರಾಠೀ ನಾಟಕಗಳ ಪ್ರವಾಹಕ್ಕೆ ಒಡ್ಡು ಹಾಕಿದ ಮೇಲೆ ಈ ಭಾಗದಲ್ಲಿ ಒಂದರ ಹಿಂದೊಂದು ಕಂಪನಿಗಳು ಹುಟ್ಟಿದುವು. ಆ ಚರಿತ್ರೆಯನ್ನು ಇಲ್ಲಿ ಮತ್ತೆ ಹೇಳಬೇಕಾದುದಿಲ್ಲ. ಗಮನಿಸಬೇಕಾದ ಸಂಗತಿ ಒಂದುಂಟು: ಈ ಸಂಘಗಳು ಇಟ್ಟುಕೊಂಡ ಹೆಸರುಗಳು. ಕಮತಗಿಯ ಕಂಪನಿ ಹುಚ್ಚೇಶ್ವರ ನಾಟ್ಯ ಸಂಘವಾಯಿತು, ಪಂಚಾಕ್ಷರಿ ಗವಾಯಿಗಳ ಗದುಗಿನ ಸಂಘವು ಹಾನಗಲ್ಲ ಕುಮಾರೇಶ್ವರರ ಹೆಸರನ್ನು ಹೊತ್ತಿತು, ಗುಬ್ಬಿಯದು ಚನ್ನಬಸವೇಶ್ವರನದು. ಊರೂರು ಅಲೆಯುವ ನಟವರ್ಗಕ್ಕೆ ಗೃಹಸ್ಥರು ಮನೆಯ ಕಟ್ಟೆಯನ್ನು ಕೊಡಲು ಹಿಂಜರಿಯುತ್ತಿದ್ದ ಕಾಲದಲ್ಲಿ ಮಠದ ಹೆಸರು, ದೇವರ ಹೆಸರು ಒಂದು ರಹದಾರಿಯಂತೆ ಕೆಲಸ ಮಾಡಿರಬೇಕು.

ತಾಳಿಕೋಟೆಯ ಕಂಪನಿಗೆ ದೊರೆತ ಹೆಸರು ಖಾಸ್ಗತೇಶ್ವರ ನಾಟ್ಯ ಸಂಘ. ಖಾಸ್ಗತೇಶ್ವರ ಮಠವು ಆ ಊರಿನ ಪ್ರಸಿದ್ಧ ವೀರಶೈವ ಮಠ. ಆ ಹೆಸರಿನ ಸಂಘವನ್ನು ನಡೆಸುತ್ತಿದ್ದವರಾದರೋ ಒಂದು ಮುಸಲ್ಮಾನ ಕುಟುಂಬದವರು. ಹೊರಗಿನವರಿಗೆ ಇದು ವಿಚಿತ್ರವಾಗಿ ತೋರಬಹುದು. ಲಾವಣಿಯ ಖಾಜಾಭಾಯಿಯನ್ನು ಹಲಸಂಗಿಯವನೆಂದೇ ನೆನೆಯುವ ಇಂಡಿಯ ಕಡೆಯವರಿಗೂ, ಅಲಾಯಿ ಹಬ್ಬದ ಹೆಜ್ಜೆಯನ್ನು ಎಲ್ಲ ಮತದವರೂ ಹಾಕುವ ಸಿಂದಗಿಯ ಕಡೆಯವರಿಗೂ ಹಾಗೆ ತೋರದು.

ತಾಳಿಕೋಟೆಯೆಂದೊಡನೆ ವಿದ್ವಾಂಸರ ಮನಸ್ಸು 1565ರ ಕಾಳಗದ ಕಡೆಗೆ ಓಡುವುದು ಸಹಜ. ಕಾಳಗ ನಡೆದುದು ಆ ಊರಿನಲ್ಲಲ್ಲ, ದೂರದ ಕೃಷ್ಣೆಯ ದಡದಲ್ಲಿ, ರಕ್ಕಸಗಿ ತಂಗಡಗಿಗಳ ಸಮೀಪದಲ್ಲೆಂದು ಇತಿಹಾಸಜ್ಞರು ತಿದ್ದಿದ್ದಾರೆ. ಹೆಸರು ಮಾತ್ರ ತಾಳಿಕೋಟೆಗೇ ಅಂಟಿಕೊಂಡಿತು. ಬಹುಕಾಲ ಮುದ್ದೇಬಿಹಾಳ ತಾಲ್ಲೂಕಿನಲ್ಲಿದ್ದು ಈಚೆಗೆ ತಾನೇ ತಾಲ್ಲೂಕಾದ ಈ ಡೋಣಿ ದಂಡೆಯ ಊರನ್ನು ಸೀಮೆಯವರು ‘ತಾಳಿಕೋಟಿ’ ಎನ್ನುವರು. ಕರ್ನಾಟಕದ ಬಹು ಜನರಿಗೆ ಯುದ್ಧದ ಪಾಠದಿಂದ ಮಾತ್ರ ತಿಳಿದಿದ್ದ ಈ ಹೆಸರು ಮುಂದೆ ಒಬ್ಬ ನಗಿಸುವವನ ಅಡ್ಡಹೆಸರಾಗಿ ಮನೆಮನೆಗೆ ತಿಳಿಯಿತು.

ರಾಜು ತಾಳಿಕೋಟೆಯವರ ನಿಜನಾಮ ರಾಜೇಸಾಬ ಮಕ್ತುಂಸಾಬ. ಅವರು 1960ರ ದಶಕದಲ್ಲಿ ಹುಟ್ಟಿದವರು. ಸಿಂದಗಿ ತಾಲ್ಲೂಕಿನ ಚಿಕ್ಕಸಿಂದಗಿ ಅವರ ಊರು. ಖಾಸ್ಗತೇಶ್ವರ ನಾಟ್ಯ ಸಂಘವನ್ನು ನಡೆಸುತ್ತಿದ್ದವರು ಅವರ ತಂದೆತಾಯಿಗಳೇ ಆದುದರಿಂದ ಪರದೆ, ಬಣ್ಣದ ಪೆಟ್ಟಿಗೆ, ಪೇಟಿ ತಬಲಾಗಳ ನಡುವೆಯೇ ಅವರ ಬಾಲ್ಯ ಕಳೆಯಿತು. ಶಾಲೆಯ ಓದು ದೂರ ಸಾಗಲಿಲ್ಲ. ಕಂಪನಿ ಬಿಡಾರ ಕಿತ್ತಾಗ ಶಾಲೆಯೂ ತಪ್ಪುವುದು ಕಂಪನಿಯ ಮಕ್ಕಳಿಗೆಲ್ಲ ಇದ್ದ ಕಷ್ಟವೇ. ಮುಂದೆ ಅದೇ ಸಂಘದ ಭಾರವು ಅವರ ಹೆಗಲಿಗೆ ಬಂದಿತು.

ಕಂಪನಿಯ ಜೀವನವೆಂದರೆ ಏನೆಂಬುದನ್ನು ಎರಡು ಮಾತಿನಲ್ಲಿ ಹೇಳಬಹುದು. ಊರ ಹೊರಗಿನ ಬಯಲಿನಲ್ಲಿ ಬೊಂಬು ತಗಡುಗಳ ಥೇಟರು. ಒಳಗೆ ಮುಂದೆ ಕುರ್ಚಿ, ನಡುವೆ ಬೆಂಚು, ಉಳಿದವರಿಗೆ ನೆಲ. ಹಿಂದುಗಡೆ ನಟರ ಸಂಸಾರಗಳ ಒಲೆಗಳು. ಒಂದೂರಿನಲ್ಲಿ ಗಲ್ಲೆ ಇಳಿಯಿತೆಂದರೆ ಮತ್ತೊಂದೂರು. ವರ್ಷದ ದೊಡ್ಡ ಆಸೆಯೆಂದರೆ ಬಾದಾಮಿಯ ಬನಶಂಕರಿ ಜಾತ್ರೆ. ಅಲ್ಲಿ ಒಂದೇ ಬಯಲಿನಲ್ಲಿ ಹಲವು ಕಂಪನಿಗಳು ತಿಂಗಳುಗಟ್ಟಲೆ ಬಿಡಾರ ಹೂಡಿ ಪೈಪೋಟಿಯಿಂದ ಆಡುವುವು. ಆ ಪೈಪೋಟಿಯಲ್ಲಿ ಜನರನ್ನು ಒಂದು ಥೇಟರಿನಿಂದ ಮತ್ತೊಂದಕ್ಕೆ ಸೆಳೆಯುವವನು ನಾಯಕನಟನಿಗಿಂತ ಹೆಚ್ಚಾಗಿ ಹಾಸ್ಯಗಾರನೇ ಎಂಬುದು ಕಂಪನಿಯ ಮಾಲೀಕರಿಗೆ ಗೊತ್ತು. ನಾಟಕದ ಕಥೆಯನ್ನು ಒಮ್ಮೆ ಕಂಡವನು ಮತ್ತೆ ಬರಲಾರ. ಹಾಸ್ಯವನ್ನು ಕಂಡವನು, ಈ ರಾತ್ರಿ ಏನೆನ್ನುವನೋ ನೋಡೋಣವೆಂದು ಮರುದಿನವೂ ಬರುವನು.

ಇನ್ನೊಂದು ಸಂಗತಿ ರಂಗದ ಯಂತ್ರಕ್ಕೆ ಸಂಬಂಧಪಟ್ಟುದು. ಅರಮನೆಯ ದೃಶ್ಯವಾದ ಮೇಲೆ ಕಾಡಿನ ದೃಶ್ಯ ಬರಬೇಕಾದರೆ ಹಿಂದುಗಡೆ ಸಾಮಾನನ್ನು ಸರಿಸಬೇಕು. ಅದಕ್ಕೆ ಹೊತ್ತು ಬೇಕು. ಆ ಹೊತ್ತಿನಲ್ಲಿ ಬೀದಿಯ ಚಿತ್ರವಿರುವ ಪರದೆಯನ್ನು ಮುಂದೆ ಇಳಿಬಿಟ್ಟು ಅದರ ಎದುರಿಗೆ ಹಾಸ್ಯದ ಜೋಡಿಯನ್ನು ಬಿಡುವುದು ಕಂಪನಿಗಳ ಪದ್ಧತಿ. ಹಿಂದೆ ಬಡಗಿ ಮೊಳೆ ಹೊಡೆಯುತ್ತಿರುವಷ್ಟು ಹೊತ್ತೂ ಮುಂದೆ ಹಾಸ್ಯಗಾರನು ಮಾತನ್ನು ಎಳೆಯಬೇಕು. ಒಳಗಿನಿಂದ ಸನ್ನೆ ಬಂದೊಡನೆ ಮುಗಿಸಬೇಕು. ಬರೆದ ಸಂಭಾಷಣೆ ಇದಕ್ಕೆ ಒದಗದು. ಹಿಗ್ಗುವ, ಕುಗ್ಗುವ ಮಾತೇ ಬೇಕು. ಹಾಸ್ಯದ ಪಾಠವು ಅಲಿಖಿತವಾಗಿ ಉಳಿದುದಕ್ಕೆ ಹಾಸ್ಯಗಾರನ ಉಡಾಫೆಯಾಗಲಿ ಕವಿಯ ಸೋಮಾರಿತನವಾಗಲಿ ಕಾರಣವಲ್ಲ. ಈ ಬೀದಿ ಪರದೆಯೇ ಕಾರಣ.

ಅಮೆರಿಕೆಯಲ್ಲಿ ವೊಡವಿಲ್ ಎಂದು ಹೆಸರಾಗಿದ್ದ ವಿನೋದರಂಗದಲ್ಲಿಯೂ ಇದೇ ಏರ್ಪಾಡಿತ್ತೆಂಬುದು ಗಮನಾರ್ಹ. ಅಲ್ಲಿಯೂ ಮಾತಿನ ಹಾಸ್ಯಗಾರರು ಬೀದಿ ಚಿತ್ರದ ಪರದೆಯ ಮುಂದೆ ನಿಂತು ಆಡುತ್ತಿದ್ದರು. ಹಿಂದೆ ಮುಂದಿನ ಆಟದ ಸಿದ್ಧತೆ ನಡೆಯುತ್ತಿತ್ತು. ಆ ರಂಗದ ಹಾಸ್ಯಗಾರರಲ್ಲಿ ಬಹುಮಂದಿ ವಲಸೆ ಬಂದವರು, ಇಲ್ಲವೆ ವಲಸೆ ಬಂದವರ ಮಕ್ಕಳು. ವೇಬರ್ ಮತ್ತು ಫೀಲ್ಡ್ಸ್ ಎಂಬ ಜೋಡಿ ಪೋಲೆಂಡಿನಿಂದ ಬಂದ ಯೆಹೂದ್ಯರ ಮಕ್ಕಳು. ಅವರು ಜರ್ಮನರ ಮುರುಕು ಇಂಗ್ಲಿಷನ್ನು ಅನುಕರಿಸಿ ಹೆಸರಾದರು. 1910ರಲ್ಲಿ ಕಾರ್ನೋ ಎಂಬಾತನ ಆಂಗ್ಲ ತಂಡದೊಡನೆ ಅಮೆರಿಕೆಗೆ ಹೋದ ಚಾರ್ಲಿ ಚಾಪ್ಲಿನ್ನರು ಅಲ್ಲಿನ ಊರೂರುಗಳಲ್ಲಿ ಆಡಿದ ಮುಖ್ಯ ಪಾತ್ರ ಯಾವುದು? ನಾಟಕ ನೋಡಲು ಬಂದು ತಾನೇ ನಾಟಕವಾಗುವ ಒಬ್ಬ ಕುಡುಕನದು. ಆ ಕುಡುಕನೇ ಅವರನ್ನು ಚಲಚ್ಚಿತ್ರಕ್ಕೆ ಒಯ್ದನು.

ತಾಳಿಕೋಟೆಯವರ ಭಾಗ್ಯವನ್ನು ತೆರೆದವನೂ ಒಬ್ಬ ಕುಡುಕನೇ. ‘ಕಲಿಯುಗದ ಕುಡುಕ’ ಅವರಿಗೆ ಉತ್ತರ ಕರ್ನಾಟಕದಲ್ಲೆಲ್ಲ ಹೆಸರು ತಂದ ನಾಟಕ. ಇಲ್ಲಿಯ ಮುಖ್ಯ ವಿಶೇಷವು ಪಾತ್ರದ ಸ್ಥಾನದಲ್ಲಿದೆ. ಕುಡುಕನ ಪಾತ್ರ ಈ ರಂಗಕ್ಕೆ ಹೊಸದಲ್ಲ. ರಾಮ ಗಣೇಶ ಗಡಕರಿಯವರ ‘ಏಕಚ ಪ್ಯಾಲಾ’ ಎಂಬ ಮರಾಠೀ ನಾಟಕವನ್ನು ಬಾಲಗಂಧರ್ವರ ಮಂಡಲಿಯವರು 1919ರಲ್ಲಿ ರಂಗಕ್ಕೆ ತಂದರು. ಮುಂಬಯಿ ಇಲಾಖೆಗೆ ಸೇರಿದ್ದ ವಿಜಾಪುರ ಧಾರವಾಡಗಳ ರಸಿಕರಿಗೆ ಅದು ಅಪರಿಚಿತವಲ್ಲ. ಅದರಲ್ಲಿ ಕುಡಿದು ಹಾಳಾಗುವ ಸುಧಾಕರನು ಕರುಣರಸಕ್ಕೆ, ಕುಡಿದು ನಗಿಸುವ ತಳೀರಾಮನು ಹಾಸ್ಯಕ್ಕೆ ಎಂದು ಕೆಲಸ ಹಂಚಿಕೆಯಾಗಿತ್ತು. ತಾಳಿಕೋಟೆಯವರ ರಂಗದಲ್ಲಿ ತಳೀರಾಮನ ವಂಶದವನು ಬೀದಿ ಪರದೆಯ ಮುಂದಿನಿಂದ ಕಥೆಯ ನಡುವಿಗೆ ಬಂದು ನಿಂತನು. ನಾಟಕದ ಹೆಸರೇ ಅವನದಾಯಿತು.

ಕುಡುಕನ ಆಯ್ಕೆಗೆ ಸೀಮೆಯ ಚರಿತ್ರೆಯೂ ಒದಗಿಬಂದಿತೆನ್ನಬೇಕು. ವಿಜಾಪುರವು 1956ರ ವರೆಗೆ ಮುಂಬಯಿ ರಾಜ್ಯದಲ್ಲಿದ್ದು 1949ರ ಪಾನನಿರೋಧ ಶಾಸನಕ್ಕೆ ಒಳಪಟ್ಟಿದ್ದ ಜಿಲ್ಲೆ. ಕಳ್ಳಭಟ್ಟಿಯ ದಿನಗಳು ಹೋಗಿ ಸರಕಾರದ ಗುತ್ತಿಗೆಯ ಸಾರಾಯಿ ಅಂಗಡಿಗಳ ದಿನಗಳು ಬಂದುವು. ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತದ್ದು 2007ರ ಜುಲೈ 1ರಂದು. ಇದರ ನಡುವಣ ಕಾಲದಲ್ಲಿ ದಿನಗೂಲಿಯ ಹಣ ಅಂಗಡಿಯ ಹಾದಿ ಹಿಡಿದು ಮನೆಯ ಒಲೆ ಆರುತ್ತಿದ್ದುದನ್ನು ಕಾಣದ ಹಳ್ಳಿಯಿರಲಿಲ್ಲ. ಕಂಪನಿಯ ನೆಲದ ಟಿಕೇಟಿನವರಲ್ಲಿ ಕುಡುಕರಿದ್ದರು. ಅವರ ಪಕ್ಕದಲ್ಲೇ ಅವರ ಹೆಂಡತಿಯರಿದ್ದರು. ಇಬ್ಬರನ್ನೂ ಒಂದೇ ಮಾತಿಗೆ ನಗಿಸಬೇಕಾದ ನಟನ ಕಷ್ಟ ಸಾಮಾನ್ಯವಾದುದಲ್ಲ. ಕುಡಿತವನ್ನು ಬರಿದೆ ಹಳಿದರೆ ಗಂಡಸರು ಏಳುವರು, ಬರಿದೆ ಕೊಂಡಾಡಿದರೆ ಹೆಂಗಸರು ಏಳುವರು. ಅಮಲೇರಿದವನಿಗೆ ಲೋಕವು ಕೊಡುವ ಮಾಫಿಯನ್ನು ಬಳಸಿಕೊಂಡು, ಎಚ್ಚರಿದ್ದವನು ಆಡಲಾರದ ಸತ್ಯವನ್ನು ಊರ ಗೌಡನಿಗೂ ಪುಢಾರಿಗೂ ಹೇಳಿಬಿಡುವುದು ಈ ಪಾತ್ರದ ಸ್ವಾತಂತ್ರ್ಯ. ಬಯಲಾಟದ ಸಾರಥಿಗೆ ರಾಜನನ್ನು ತಡೆದು ಕೇಳುವ ಹಕ್ಕಿದ್ದಂತೆಯೇ ಇದು.

ಆದರೂ ಒಂದು ಆಕ್ಷೇಪವನ್ನು ಮರೆಮಾಚಲಾಗದು. ಕಂಪನಿ ರಂಗದ ಹಾಸ್ಯವು ಕಾಲಕಾಲಕ್ಕೆ ಅಶ್ಲೀಲದ ಕಡೆಗೆ ವಾಲಿತೆಂದೂ, ದ್ವಂದ್ವಾರ್ಥದ ಮಾತುಗಳಿಂದ ಸಂಸಾರಸ್ಥರು ಥೇಟರಿನಿಂದ ದೂರವಾದರೆಂದೂ ಹಲವರು ಬರೆದಿರುವರು. ಅದರಲ್ಲಿ ಸತ್ಯವಿಲ್ಲದಿಲ್ಲ. ಸಿನಿಮಾವೂ ಆಮೇಲೆ ದೂರದರ್ಶನವೂ ಗಲ್ಲೆಯನ್ನು ಕಿತ್ತುಕೊಂಡಷ್ಟೂ ಕಂಪನಿಗಳು ಹಾಸ್ಯವನ್ನು ಹಿಗ್ಗಿಸಿದುವು, ಕಥೆಯನ್ನು ಕುಗ್ಗಿಸಿದುವು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯ ಭಾಷೆಯ ಬೀಸನ್ನು ಕೇಳಿದ ಕಿವಿಗೆ ಈ ಬದಲಾವಣೆ ಕಹಿಯಾಗಿ ತೋರಿದುದರಲ್ಲಿ ತಪ್ಪಿಲ್ಲ. ಆದರೆ ಗದೆ ಹಿಡಿದ ಭೀಮನನ್ನು ನೋಡಲು ಜನ ಬಾರದೆಹೋದ ವರ್ಷಗಳಲ್ಲಿ ಇಪ್ಪತ್ತು ಮೂವತ್ತು ಸಂಸಾರಗಳ ಒಲೆ ಉರಿದುದು ಹಾಸ್ಯಗಾರನಿಂದಲೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತಾಳಿಕೋಟೆಯವರನ್ನು ಹಿಂದಿನ ಹಾಸ್ಯಗಾರರಿಂದ ಬೇರ್ಪಡಿಸುವ ಸಂಗತಿ ಈ ಮುಂದಿನದು. ಅವರ ಮಾತು ಧ್ವನಿಸುರುಳಿಗೆ ಇಳಿಯಿತು. ಕ್ಯಾಸೆಟ್ ಎಂಬ ಅಗ್ಗದ ಸಾಧನವು ಹಳ್ಳಿಗಳನ್ನು ಹೊಕ್ಕ ಮೇಲೆ ಭಜನೆ, ಗೀಗೀ ಪದ, ಲಾವಣಿಗಳೊಡನೆ ನಾಟಕದ ಹಾಸ್ಯವೂ ಅದರಲ್ಲಿ ಮಾರಾಟಕ್ಕೆ ಬಂದಿತು; ‘ಕಲಿಯುಗದ ಕುಡುಕ’ವು ಈ ಜಾತಿಯಲ್ಲಿ ಅತ್ಯಂತ ಪ್ರಸಿದ್ಧವಾದುವುಗಳಲ್ಲೊಂದು. ಥೇಟರಿಗೆ ಬಾರದವರು ಚಹದಂಗಡಿಯಲ್ಲಿ, ಟ್ರ್ಯಾಕ್ಟರಿನ ಮೇಲೆ, ಮದುವೆಯ ಹಂದರದಲ್ಲಿ ಅದನ್ನು ಕೇಳಿದರು. ಮುಖ ಕಾಣದೆ, ತೂರಾಡುವ ಕಾಲು ಕಾಣದೆ, ಬರಿಯ ಧ್ವನಿಯಿಂದ ಕುಡುಕನನ್ನು ಕಣ್ಣೆದುರು ನಿಲ್ಲಿಸುವುದು ಸುಲಭದ ಕೆಲಸವಲ್ಲ. ನಾಲಿಗೆ ತೊಡರುವುದು, ಒಂದು ಮಾತನ್ನು ಅರ್ಧಕ್ಕೆ ಬಿಟ್ಟು ಮತ್ತೊಂದನ್ನು ಹಿಡಿಯುವುದು, ಬಿಕ್ಕಳಿಕೆಯ ನಡುವೆ ಸಟ್ಟನೆ ಶುದ್ಧವಾದ ಒಂದು ಸತ್ಯವನ್ನು ಒಗೆಯುವುದು: ಇವೆಲ್ಲ ಕಿವಿಗಾಗಿಯೇ ಕಟ್ಟಿದ ಕಲೆ.

ಭಾಷೆಯನ್ನು ಕುರಿತು ಸ್ವಲ್ಪ ನಿಲ್ಲಬೇಕು. ಉತ್ತರ ಕರ್ನಾಟಕದ ಆಡುನುಡಿಯೆಂದು ಹೊರಗಿನವರು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಹಲವು ಬಗೆಗಳಿವೆ. ಭೀಮಾತೀರದತ್ತ ಸರಿದಷ್ಟೂ ‘ಐತಿ’ ಕಡಮೆಯಾಗಿ ‘ಅದ’ ಹೆಚ್ಚುತ್ತದೆ. ‘ಮ್ಯಾಲ’, ‘ಬ್ಯಾರೆ’, ‘ಹ್ಯಾಂಗ’ ಎಂಬಲ್ಲಿ ಬರುವ ಅಗಲವಾದ ಸ್ವರಕ್ಕೆ ನಮ್ಮ ಲಿಪಿಯಲ್ಲಿ ಬೇರೆ ಗುರುತೇ ಇಲ್ಲದೆ ಯಕಾರವನ್ನು ಎರವು ತರಬೇಕಾಗುತ್ತದೆ. ‘ಯಪ್ಪಾ’, ‘ತಮ್ಮಾ’, ‘ಲೇ’ ಎಂಬ ಸಂಬೋಧನೆಗಳಿಗೆ ಎಳೆದ ಎಳೆತದಿಂದ ಹತ್ತು ಅರ್ಥ ಬರುವುದು. ಕಂಪನಿ ನಾಟಕಗಳ ಗಂಭೀರ ಪಾತ್ರಗಳು ಗ್ರಾಂಥಿಕವನ್ನೇ ಆಡಿದುವು. ಸಿಂದಗಿ ಮುದ್ದೇಬಿಹಾಳಗಳ ರೈತನು ತನ್ನ ಮಾತನ್ನು ರಂಗದ ಮೇಲೆ ಕೇಳಿದುದು ಹಾಸ್ಯಗಾರನ ಬಾಯಿಂದ ಮಾತ್ರ. ಆ ಮಾತನ್ನು ಗ್ರಾಮ್ಯವೆಂದು ಶಾಲೆಯಲ್ಲಿ ತಿದ್ದಿಸಿಕೊಂಡವನಿಗೆ ಸಾವಿರ ಜನರ ನಡುವೆ ಅದು ಚಪ್ಪಾಳೆ ಗಿಟ್ಟಿಸುವುದನ್ನು ಕಂಡಾಗ ಏನೆನ್ನಿಸಿರಬೇಕೆಂಬುದನ್ನು ಊಹಿಸಬಹುದು.

ಇದೇ ಜಿಲ್ಲೆಯ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಪಿ. ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಕೂಡಿ ಗರತಿಯರ ಬಾಯಿಂದ, ಲಾವಣಿಕಾರರ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದುವು. ಬೀಸುವ ಕಲ್ಲಿನ ಮುಂದೆ ಹುಟ್ಟಿ ಅಲ್ಲಿಯೇ ಕರಗುತ್ತಿದ್ದ ನುಡಿಯು ಸಾಹಿತ್ಯವೆನ್ನಿಸಿತು. ಇಂದು ಅದು ಪಠ್ಯದಲ್ಲಿದೆ. ಹಾಡಿಗೆ ದೊರೆತ ಈ ಮರ್ಯಾದೆ ಹಾಸ್ಯದ ಗದ್ಯಕ್ಕೆ ದೊರೆಯಲಿಲ್ಲ. ಪದ್ಯವು ನೆನಪಿನಲ್ಲಿ ನಿಲ್ಲುವುದು, ಗದ್ಯವು ಜಾರುವುದು ಎಂಬುದೊಂದು ಕಾರಣ. ನಗುವನ್ನು ಹಗುರವೆಂದೆಣಿಸುವ ಪಂಡಿತರ ಅಭ್ಯಾಸ ಇನ್ನೊಂದು.

ಇಂಡಿ ತಾಲ್ಲೂಕಿನವರೇ ಆದ ಶ್ರೀರಂಗರನ್ನು ಇಲ್ಲಿ ನೆನೆಯುವುದು ಅಪ್ರಕೃತವಾಗದು. ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ಆದ್ಯ ರಂಗಾಚಾರ್ಯರು ಪುಣೆ ಲಂಡನ್ನುಗಳಲ್ಲಿ ಓದಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತವನ್ನು ಬೋಧಿಸಿದರು. ಕಂಪನಿಯ ಅಬ್ಬರಕ್ಕೆ ಎದುರಾಗಿ ವಿಲಾಸೀ ರಂಗಭೂಮಿಗೆ ನಾಟಕಗಳನ್ನು ಬರೆದರು. ಭರತನ ನಾಟ್ಯಶಾಸ್ತ್ರವನ್ನು ಕನ್ನಡಕ್ಕೂ ಇಂಗ್ಲಿಷಿಗೂ ತಂದರು. ಅವರೂ ಮೊನಚಾದ ಹಾಸ್ಯಕ್ಕೆ ಹೆಸರಾದವರೇ. ನೆರೆಯ ತಾಲ್ಲೂಕುಗಳ ಈ ಇಬ್ಬರಲ್ಲಿ ಒಬ್ಬರದು ಓದುವ ನಾಟಕ, ಮತ್ತೊಬ್ಬರದು ಓದಲು ಸಿಕ್ಕದ ನಾಟಕ. ನಮ್ಮ ವಿದ್ಯಾಲಯಗಳು ಮೊದಲನೆಯದನ್ನು ಮಾತ್ರ ಕಂಡದ್ದು ಗ್ರಂಥಾಲಯದ ಕಪಾಟಿನ ಸ್ವಭಾವದಿಂದಲೇ ಹೊರತು ದ್ವೇಷದಿಂದಲ್ಲ.

ತಾಳಿಕೋಟೆಯವರು ಗುಳೆ ಹೋದುದು ಸಿನಿಮಾಕ್ಕೆ. ಯೋಗರಾಜ ಭಟ್ಟರ ‘ಮನಸಾರೆ’ (2009), ‘ಪಂಚರಂಗಿ’ (2010) ಚಿತ್ರಗಳಿಂದ ಅವರ ಮುಖವನ್ನು ದಕ್ಷಿಣದವರೂ ಗುರುತಿಸಿದರು. ‘ಲೈಫು ಇಷ್ಟೇನೆ’ (2011), ‘ಮೈನಾ’ (2013) ಮುಂತಾದುವು ಬಂದುವು. ವೊಡವಿಲ್ಲಿನ ವಲಸಿಗರ ಸಮಸ್ಯೆಯು ಇಲ್ಲಿ ಇವರಿಗೂ ಎದುರಾಯಿತೆನ್ನಬೇಕು. ತಾಳಿಕೋಟೆಯ ಥೇಟರಿನಲ್ಲಿ ಅವರ ನುಡಿ ಎಲ್ಲರ ನುಡಿ; ಜನರು ಮಾತಿನ ಅರ್ಥಕ್ಕೆ ನಗುತ್ತಿದ್ದರು. ಬೆಂಗಳೂರಿನ ಸಿನಿಮಾ ಮಂದಿರದಲ್ಲಿ ಅದು ಒಂದು ಸೀಮೆಯ ನುಡಿ. ಅಲ್ಲಿ ಉಚ್ಚಾರಕ್ಕೇ ನಗುವವರೂ ಉಂಟು. ವಿಜಾಪುರದ ಮಾತನ್ನಾಡಿದೊಡನೆ ಹಾಸ್ಯವಾಯಿತೆಂದು ತಿಳಿಯುವ ಚಿತ್ರಕಥೆಗಾರರು ಇಲ್ಲದಿಲ್ಲ. ವೇಬರ್ ಫೀಲ್ಡ್ಸರ ಜರ್ಮನನಿಗೂ ಹೀಗೆಯೇ ಆಗಿತ್ತು. ಆದರೆ ಕಂಪನಿಯ ಶಿಕ್ಷಣವು ತಾಳಿಕೋಟೆಯವರ ಕೈಬಿಡಲಿಲ್ಲ. ಎದುರಿನ ನಟನ ಮಾತು ಮುಗಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕೆಂಬುದನ್ನು ಅವರು ಬಲ್ಲವರು. ಆ ಮೌನವು ಬೀದಿ ಪರದೆಯ ಮುಂದೆ ಕ್ಯಾಮರಾ ಇಲ್ಲದ ಕಾಲದಲ್ಲಿ ಕಲಿತುದು. ಸಣ್ಣ ಪಾತ್ರಗಳಲ್ಲಿಯೂ ಪಾತ್ರಕ್ಕೆ ತೂಕ ಬಂದುದು ಅದರಿಂದಲೇ.

2019ರಲ್ಲಿ ಆರಂಭವಾದ ‘ಬಿಗ್ ಬಾಸ್’ ಕನ್ನಡದ ಏಳನೆಯ ಆವೃತ್ತಿಯಲ್ಲಿ ಅವರು ಭಾಗವಹಿಸಿದರು. ಬರೆದ ಸಂಭಾಷಣೆಯಿಲ್ಲದೆ ದಿನವೆಲ್ಲ ಕ್ಯಾಮರಾದ ಎದುರಿಗೆ ಬದುಕುವ ಆ ಆಟ ಕಂಪನಿಯ ಬಿಡಾರದಲ್ಲಿ ಬೆಳೆದವರಿಗೆ ಅಷ್ಟೇನೂ ಅಪರಿಚಿತವಾಗಿರಲಿಕ್ಕಿಲ್ಲ. ಅದಕ್ಕಿಂತ ಮುಖ್ಯವಾದುದು 2024ರ ಘಟನೆ. ಆ ವರ್ಷ ಕರ್ನಾಟಕ ಸರಕಾರವು ಅವರನ್ನು ಧಾರವಾಡ ರಂಗಾಯಣದ ನಿರ್ದೇಶಕರನ್ನಾಗಿ ನೇಮಿಸಿತು. ರಂಗಾಯಣವೆಂದರೆ ಆಧುನಿಕ ರಂಗಶಿಕ್ಷಣದ, ಪ್ರಯೋಗದ ಸರಕಾರೀ ಸಂಸ್ಥೆ. ಕಂಪನಿಯ ನಟನೊಬ್ಬನು, ಅದರಲ್ಲಿಯೂ ಕುಡುಕನ ಪಾತ್ರದಿಂದ ಹೆಸರಾದವನು, ಅದರ ಪೀಠದಲ್ಲಿ ಕುಳಿತದ್ದು ಹಿಂದಿನ ತಲೆಮಾರಿನವರು ನಂಬಲಾರದ ಸಂಗತಿ. ಶ್ರೀರಂಗರು ಪಾಠ ಹೇಳಿದ ಊರಿಗೇ ಖಾಸ್ಗತೇಶ್ವರ ನಾಟ್ಯ ಸಂಘದವರು ಬಂದಂತಾಯಿತು.

ಆ ಅಧಿಕಾರದಲ್ಲಿ ಅವರಿಗೆ ಹೆಚ್ಚು ಕಾಲ ದೊರೆಯಲಿಲ್ಲ. 2025ರ ಅಕ್ಟೋಬರಿನಲ್ಲಿ ಚಲಚ್ಚಿತ್ರವೊಂದರ ಚಿತ್ರೀಕರಣಕ್ಕಾಗಿ ಉಡುಪಿ ಜಿಲ್ಲೆಗೆ ಹೋಗಿದ್ದಾಗ ಹೃದಯಾಘಾತವಾಗಿ 13ನೆಯ ತಾರೀಖು ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡರು. ದೇಹವನ್ನು ಚಿಕ್ಕಸಿಂದಗಿಗೆ ತಂದು ಮಣ್ಣು ಮಾಡಿದರು.

ಈಗ ಮೊದಲಿನ ಪ್ರಶ್ನೆಗೆ ಬರುವುದಾದರೆ, ಈ ನಟರ ಮಟ್ಟಿಗೆ ಮೂಲಪ್ರತಿಯೆನ್ನಬಹುದಾದುದು ಧ್ವನಿಸುರುಳಿಯೇ. ಅದನ್ನು ತಾಳೆಗರಿಯಂತೆಯೇ ಕಾಣಬೇಕು. ರಂಗದ ಮೇಲಿನ ಪ್ರಯೋಗಗಳು ಹಲವಾಗಿ, ಸುರುಳಿಯಲ್ಲಿ ನಿಂತದ್ದು ಅವುಗಳಲ್ಲೊಂದು ಪಾಠ ಮಾತ್ರ. ಕೇಳಿದವರ ನೆನಪಿನಲ್ಲಿರುವ ಭೇದಗಳು ಪಾಠಾಂತರಗಳು. ಲಿಪಿಗಿಳಿಸುವಾಗ ‘ಹ್ಯಾಂಗ’ವನ್ನು ‘ಹೇಗೆ’ ಎಂದು ತಿದ್ದಿದರೆ ನಕಲುಗಾರನು ಹಳಗನ್ನಡ ಗ್ರಂಥವನ್ನು ಹೊಸಗನ್ನಡಕ್ಕೆ ತಿದ್ದಿ ಕೆಡಿಸಿದಂತೆಯೇ ಆಗುವುದು. ಬಿಕ್ಕಳಿಕೆ, ಮೌನ, ಹಿನ್ನೆಲೆಯ ಪೇಟಿಯ ಒಂದು ಗೀರು ಇವುಗಳಿಗೂ ಗುರುತುಗಳನ್ನು ಕಲ್ಪಿಸಿಕೊಳ್ಳಬೇಕು. ತಾಳೆಗರಿ ಮುನ್ನೂರು ವರ್ಷ ತಡೆಯುವುದು. ಕ್ಯಾಸೆಟ್ಟಿನ ಕಂದುಪಟ್ಟಿ ಮೂವತ್ತು ನಲವತ್ತು ವರ್ಷಕ್ಕೆ ಬೂಸರು ಹಿಡಿದು ಅಂಟಿಕೊಳ್ಳುವುದು. ತಾಳಿಕೋಟೆ, ಸಿಂದಗಿ, ಬಾಗೇವಾಡಿಗಳ ಮನೆಗಳಲ್ಲಿ ಇಂತಹ ಪೆಟ್ಟಿಗೆಗಳಿರುವುದು ಸಂಭವ. ಥೇಟರಿನ ನೆಲದ ಮೇಲೆ ಕುಳಿತು ಆ ಮಾತನ್ನು ಕೇಳಿದವರು, ಸುರುಳಿಯಲ್ಲಿ ಇಲ್ಲದುದನ್ನು ಹೇಳಬಲ್ಲವರು, ಇನ್ನೂ ಆ ಊರುಗಳಲ್ಲಿ ಇದ್ದಾರೆ.